ಓಡುವುದೊಂದು ರಾಜ್ಯ, ತುಂಬಿಸುವುದೊಂದು ರಾಜ್ಯ

ದೆಹಲಿಯ ದ್ವಾರಕಾದಲ್ಲಿ ಬೇಸಿಗೆ ಬಂತೆಂದರೆ ಯಾವ ಸೆಕ್ಟರಿನ ತಿರುವಿನಲ್ಲಿ ನೋಡಿದರೂ ಎಳನೀರಿನ ಗಾಡಿ ನಿಂತಿರುತ್ತದೆ. ಅದರಲ್ಲಿ ನಮ್ಮ ಮದ್ದೂರಿನ ಮಾರುಕಟ್ಟೆಯಿಂದ ಬಂದ ಕಾಯಿಯೂ ಇರುತ್ತದೆ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಲಾರಿ ಐದಾರು ರಾಜ್ಯ ದಾಟಿ ಬರಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು. ಬಿಲ್ಟಿ ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುವುದೂ ತಪ್ಪಿತು. ಆದರೆ ಒಂದು ತೆರಿಗೆ ಮಾತ್ರ ಇವತ್ತಿಗೂ ಗಡಿಗೊಂದು ಬಣ್ಣ ತಾಳುತ್ತದೆ. ಅದು ಡೀಸೆಲ್ ಮೇಲಿನ ರಾಜ್ಯ ತೆರಿಗೆ. ಅದನ್ನು ಲಾರಿಯವರು ಹೇಗೆ ನಿಭಾಯಿಸುತ್ತಾರೆ, ಅವರನ್ನು ನೋಡಿಕೊಂಡು ಸರ್ಕಾರಗಳು ಹೇಗೆ ಲೆಕ್ಕ ಹಾಕುತ್ತವೆ ಎನ್ನುವುದು ಇವತ್ತಿನ ನನ್ನ ಮಾತು.

ನಾನಿರುವ ದ್ವಾರಕಾದಿಂದಲೇ ಶುರುಮಾಡುತ್ತೇನೆ. ಇದರ ದಕ್ಷಿಣದ ಅಂಚಿಗೆ ಬಿಜ್ವಾಸನ್. ತೈಲ ಕಂಪನಿಗಳ ದೊಡ್ಡ ಸಂಗ್ರಹಾಗಾರಗಳು ಇರುವ ಜಾಗ. ಭಾರತ್ ಪೆಟ್ರೋಲಿಯಂನ ಕೊಳವೆ ಮಾರ್ಗ ಮುಂಬೈಯಲ್ಲಿ ಹೊರಟು, ಮನ್ಮಾಡ್, ಇಂದೋರ್ ಹತ್ತಿರದ ಮಾಂಗ್ಲಿಯಾ ಹಾದು ಬಂದು ಮುಗಿಯುವುದು ಇಲ್ಲಿ. ನೆಲದಡಿಯಲ್ಲಿ ಅಷ್ಟು ರಾಜ್ಯ ದಾಟುವಾಗ ಆ ಡೀಸೆಲ್ಲಿಗೆ ಯಾವ ರಾಜ್ಯದ ಹಂಗೂ ಇಲ್ಲ. ಟ್ಯಾಂಕರ್ ಯಾವ ರಾಜ್ಯದ ಬಂಕಿಗೆ ಹೋಗುತ್ತದೋ ಆ ರಾಜ್ಯದ ತೆರಿಗೆ ಅದಕ್ಕೆ ಅಂಟಿಕೊಳ್ಳುತ್ತದೆ. ಬಿಜ್ವಾಸನ್ ಪಕ್ಕದ ಕಾಪಸಹೇಡಾ ದಾಟಿದರೆ ಹರಿಯಾಣದ ಡುಂಡಾಹೇಡಾ. ಈಚೆಗಿನ ಬಂಕಿನಲ್ಲಿ ದೆಹಲಿಯ ರಾಜ್ಯ ತೆರಿಗೆ, ಅಂದರೆ ವ್ಯಾಟ್, ಆಚೆಗಿನದರಲ್ಲಿ ಹರಿಯಾಣದ ವ್ಯಾಟ್. ನಡುವೆ ನಡೆದು ಹೋಗುವಷ್ಟು ದೂರ.

ಬೆಲೆಯ ಒಡಲನ್ನು ಸ್ವಲ್ಪ ಬಿಚ್ಚಿ ನೋಡೋಣ. ಅಂಕಿಗಳನ್ನು ಬರೆದುಕೊಳ್ಳಬೇಕಾಗಿಲ್ಲ, ಅಂದಾಜು ಸಿಕ್ಕರೆ ಸಾಕು. 2025ರಲ್ಲಿ ದೆಹಲಿಯ ಬಂಕಿನಲ್ಲಿ ಒಂದು ಲೀಟರ್ ಡೀಸೆಲ್ಲಿಗೆ 87 ರೂಪಾಯಿ 67 ಪೈಸೆ. ಅದರಲ್ಲಿ ಕೇಂದ್ರದ ಅಬಕಾರಿ ಸುಂಕ 17 ರೂಪಾಯಿ 80 ಪೈಸೆ. ಇದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ. ಅದರ ಮೇಲೆ ದೆಹಲಿ ಸರ್ಕಾರದ್ದು ನೂರಕ್ಕೆ 16.75 ವ್ಯಾಟ್, ಜೊತೆಗೆ ಗಾಳಿ ಶುದ್ಧವಾಗಿಡುವ ನಿಧಿಗೆಂದು ಲೀಟರಿಗೆ 25 ಪೈಸೆ. ಎರಡೂ ಸೇರಿ ಸುಮಾರು ಹದಿಮೂರು ರೂಪಾಯಿ. ಈ 25 ಪೈಸೆಯನ್ನು ಶೀಲಾ ದೀಕ್ಷಿತ್ ಮುಖ್ಯಮಂತ್ರಿಯಾಗಿದ್ದ ಕಾಲದಿಂದ ಕಟ್ಟುತ್ತಾ ಬಂದಿದ್ದೇವೆ. ದೆಹಲಿಯ ಗಾಳಿ ಹೇಗಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಪ್ರತಿ ರಾಜ್ಯದ್ದೂ ಒಂದೊಂದು ಸೂತ್ರ. ತಮಿಳುನಾಡು ನೂರಕ್ಕೆ 11 ಹಾಕಿ, ಅದರ ಮೇಲೆ ಲೀಟರಿಗೆ 9 ರೂಪಾಯಿ 62 ಪೈಸೆ ಸೇರಿಸುತ್ತದೆ. ಆಂಧ್ರದ್ದು ನೂರಕ್ಕೆ 22.25, ಮೇಲೆ 4 ರೂಪಾಯಿ, ಅದರ ಮೇಲೆ ರಸ್ತೆಗೆಂದು ಇನ್ನೊಂದು ರೂಪಾಯಿ. ತೆಲಂಗಾಣ ನೇರವಾಗಿ ನೂರಕ್ಕೆ 27. ಉತ್ತರಪ್ರದೇಶದವರು ಜಾಣರು, ನೂರಕ್ಕೆ 17.08 ಅಥವಾ 10 ರೂಪಾಯಿ 41 ಪೈಸೆ, ಯಾವುದು ಹೆಚ್ಚೋ ಅದು ಎಂದು ಬರೆದಿಟ್ಟಿದ್ದಾರೆ. ಕಚ್ಚಾ ತೈಲ ಎಷ್ಟೇ ಇಳಿದರೂ ಬೊಕ್ಕಸ ಇಳಿಯಬಾರದು. ನಮ್ಮ ಕರ್ನಾಟಕದ ದರ 2025ರ ಏಪ್ರಿಲ್ 1ರಿಂದ ನೂರಕ್ಕೆ 21.17. ಅದಕ್ಕೆ ಮೊದಲು 18.4, 2024ರ ಜೂನ್‌ಗೆ ಮೊದಲು 14.34, 2021ರ ನವೆಂಬರ್‌ಗೆ ಮೊದಲು 24. ಇಳಿಯಿತು, ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿತು.

ಈಗ ದ್ವಾರಕಾದ ಗಡಿಯ ಕಥೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್, ಡೀಸೆಲ್ ಬೆಲೆಯನ್ನು ಎರಡೂವರೆ ರೂಪಾಯಿ ಇಳಿಸಿ, ರಾಜ್ಯಗಳೂ ಅಷ್ಟೇ ಇಳಿಸಲಿ ಎಂದಿತು. ಹರಿಯಾಣ ಇಳಿಸಿತು, ಉತ್ತರಪ್ರದೇಶ ಇಳಿಸಿತು, ದೆಹಲಿ ಇಳಿಸಲಿಲ್ಲ. ಬಂಕಿನವರು ನೋಡುತ್ತಿದ್ದಂತೆ ಗಿರಾಕಿಗಳು ಗುರುಗ್ರಾಮಕ್ಕೂ ನೋಯ್ಡಾಕ್ಕೂ ಹೊರಟರು. ಅಕ್ಟೋಬರ್ 22ರಂದು ದೆಹಲಿಯ ಸುಮಾರು ನಾನೂರು ಬಂಕುಗಳು ಬಾಗಿಲು ಹಾಕಿ ಮುಷ್ಕರ ಮಾಡಿದವು. ಮಾರುವವರೇ ತೆರಿಗೆ ಇಳಿಸಿ ಎಂದು ಬೀದಿಗಿಳಿದ ಅಪರೂಪದ ದಿನ ಅದು. ಮುಷ್ಕರದ ದಿನವೂ ಗಿರಾಕಿಗಳು ಹೋದದ್ದು ಅದೇ ಗುರುಗ್ರಾಮಕ್ಕೆ, ಬೇರೆ ದಾರಿ ಎಲ್ಲಿತ್ತು!

ಒಂದೂವರೆ ವರ್ಷದ ಮೇಲೆ ಇದಕ್ಕಿಂತ ದೊಡ್ಡ ಪ್ರಸಂಗ ನಡೆಯಿತು. 2020ರ ಮೇ ತಿಂಗಳು, ಲಾಕ್‌ಡೌನ್, ಬೊಕ್ಕಸ ಖಾಲಿ. ದೆಹಲಿ ಸರ್ಕಾರ ಡೀಸೆಲ್ ವ್ಯಾಟನ್ನು 16.75ರಿಂದ ಒಮ್ಮೆಗೇ 30ಕ್ಕೆ ಏರಿಸಿತು. ಜೂನ್ ಕೊನೆಯ ಹೊತ್ತಿಗೆ ದೆಹಲಿಯಲ್ಲಿ ಡೀಸೆಲ್ ಪೆಟ್ರೋಲಿಗಿಂತ ದುಬಾರಿಯಾಯಿತು. ಹಿಂದೆಂದೂ ಹಾಗಾಗಿರಲಿಲ್ಲ. ಜುಲೈ 30ರಂದು ಸರ್ಕಾರ ವ್ಯಾಟನ್ನು ಹಳೆಯ 16.75ಕ್ಕೇ ತಂದಿತು. 82 ರೂಪಾಯಿ ಇದ್ದ ಡೀಸೆಲ್ 73 ರೂಪಾಯಿ 64 ಪೈಸೆಗೆ ಬಂತು. ಮೂರೇ ತಿಂಗಳಲ್ಲಿ ಹಿಂದಕ್ಕೆ ಬರಬೇಕಾಯಿತು. ಕರುಣೆಗಿಂತ ಕಾಪಸಹೇಡಾ ಗಡಿಯೇ ಇದಕ್ಕೆ ಹೆಚ್ಚು ಕಾರಣ ಎಂದು ನನ್ನ ಅನಿಸಿಕೆ. ದರ ಹೆಚ್ಚಿಸಿದರೆ ವಸೂಲಿ ಹೆಚ್ಚಬೇಕು ಎನ್ನುವುದು ದ್ವೀಪದ ಲೆಕ್ಕ. ಅರ್ಧ ಗಂಟೆ ಓಡಿದರೆ ಎರಡು ರಾಜ್ಯದ ಗಡಿ ಮುಟ್ಟುವ ಊರಿಗೆ ಅದು ಹೊಂದುವುದಿಲ್ಲ.

ಆಮೇಲೆ ಗಡಿ ತಣ್ಣಗಾಯಿತು. 2021ರ ನವೆಂಬರ್‌ನಲ್ಲಿ ಕೇಂದ್ರ ಡೀಸೆಲ್ ಸುಂಕವನ್ನು 10 ರೂಪಾಯಿ ಕಡಿಮೆ ಮಾಡಿತು, ನೆರೆಯ ರಾಜ್ಯಗಳೂ ತಮ್ಮ ಪಾಲು ಇಳಿಸಿದವು. ಈಗ ದ್ವಾರಕಾಕ್ಕೂ ಗುರುಗ್ರಾಮಕ್ಕೂ ಡೀಸೆಲ್ ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರ ಇಲ್ಲ. ಅಂತರವಿದ್ದು, ದೆಹಲಿಯೇ ಅಗ್ಗವಾಗಿದ್ದರೂ ದೂರ ಹೋಗುವ ಲಾರಿ ಡೀಸೆಲ್ಲಿಗೆಂದು ದೆಹಲಿಯೊಳಗೆ ಬರುವುದಿಲ್ಲ. ಬಂದರೆ ಸುಪ್ರೀಂ ಕೋರ್ಟ್ 2015ರಲ್ಲಿ ವಿಧಿಸಿದ ಪರಿಸರ ಪರಿಹಾರ ಶುಲ್ಕ ಕಟ್ಟಬೇಕು. ಎರಡು ಆಕ್ಸಲ್ ಲಾರಿಗೆ 1,400 ರೂಪಾಯಿ, ದೊಡ್ಡದಕ್ಕೆ 2,600 ಎಂದು ಆಗ ಗೊತ್ತುಮಾಡಿದ್ದು. ಪಾಲಿಕೆಯ ಸುಂಕ ಬೇರೆ, ಹಗಲು ನೋ ಎಂಟ್ರಿ ಬೇರೆ. 2018ರಲ್ಲಿ ಪೂರ್ವದ ಮತ್ತು ಪಶ್ಚಿಮದ ಹೊರವರ್ತುಲ ಎಕ್ಸ್‌ಪ್ರೆಸ್ ಹೆದ್ದಾರಿಗಳು ತೆರೆದವು. ಅಂದಿನಿಂದ ಪಂಜಾಬಿನ ಲಾರಿ ದೆಹಲಿಯ ಧೂಳು ಕಾಣದೆ ದಕ್ಷಿಣಕ್ಕೆ ಇಳಿಯುತ್ತದೆ. ದೆಹಲಿ ಸರ್ಕಾರ ಡೀಸೆಲ್ ತೆರಿಗೆಯ ಪಂದ್ಯದಿಂದ ಹೆಚ್ಚುಕಡಿಮೆ ಹೊರಗೆ ಉಳಿದಿದೆ. ಗಡಿ ಪೂರ್ತಿ ಮಲಗಿಲ್ಲ ಅನ್ನಿ. 2025ರ ಜುಲೈ 1ರಂದು, ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ದೆಹಲಿ ಬಂಕುಗಳಲ್ಲಿ ಎಣ್ಣೆ ಹಾಕಕೂಡದು ಎಂಬ ನಿಯಮ ಜಾರಿಯಾಯಿತು. ಅದೇ ನಿಯಮ ಗುರುಗ್ರಾಮದ ಬಂಕಿಗೆ ಇರಲಿಲ್ಲ. ಕೆಲವೇ ದಿನಗಳಲ್ಲಿ ದೆಹಲಿಯ ಆ ನಿಯಮವನ್ನೂ ತಡೆಹಿಡಿದರು.

ಹಾಗಾದರೆ ಪಂದ್ಯ ನಡೆಯುವುದು ಎಲ್ಲಿ? ಹೆದ್ದಾರಿಯಲ್ಲಿ. ಬೆಂಗಳೂರಿನಿಂದ ದೆಹಲಿಗೆ ಮುಖ್ಯವಾಗಿ ಎರಡು ದಾರಿ. ಒಂದು ರಾಷ್ಟ್ರೀಯ ಹೆದ್ದಾರಿ 48. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೂರತ್, ಉದಯಪುರ, ಜೈಪುರ ಮುಟ್ಟಿ ಗುರುಗ್ರಾಮದ ಮೂಲಕ ಬರುತ್ತದೆ. ದ್ವಾರಕಾ ಎಕ್ಸ್‌ಪ್ರೆಸ್ ಹೆದ್ದಾರಿ ಕವಲೊಡೆಯುವ ಮಹಿಪಾಲಪುರದ ಶಿವಮೂರ್ತಿಯ ಹತ್ತಿರ ನಿಂತು ಇದೇ ರಸ್ತೆ ಹಿರಿಯೂರಿಗೂ ಹೋಗುತ್ತದೆ ಎಂದರೆ ಇಲ್ಲಿನ ಕನ್ನಡದ ಹುಡುಗರು ನಗುತ್ತಾರೆ. ಇನ್ನೊಂದು ಹೆದ್ದಾರಿ 44. ಬಾಗೇಪಲ್ಲಿ, ಅನಂತಪುರ, ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ.

ಎರಡನೆಯ ದಾರಿಯನ್ನೇ ಹಿಡಿಯೋಣ, ಲೆಕ್ಕ ಅಲ್ಲಿ ಸೊಗಸಾಗಿದೆ. ಹಿರಿಯೂರು ಕಡೆಯ ಒಬ್ಬ ಡ್ರೈವರ್ ಇಲ್ಲಿ ಲೋಡು ಇಳಿಸಿ ಕೂತಿದ್ದಾಗ ನನಗೆ ಹೇಳಿದ ಮಾತು ಇದು: “ಬಾಗೇಪಲ್ಲಿ ಬಿಡೋಕ್ ಮುಂಚೆ ಫುಲ್ ಮಾಡ್ಬಿಡ್ತೀವಿ ಸಾರ್. ಆಮೇಲೆ ಆಂಧ್ರಾನೂ ಇಲ್ಲ, ತೆಲಂಗಾಣಾನೂ ಇಲ್ಲ, ಸೀದಾ ಮಹಾರಾಷ್ಟ್ರ.” ಊಟಕ್ಕೂ ನಿಲ್ಲಿಸೋದಿಲ್ಲವೇ ಎಂದೆ. “ಊಟಕ್ಕೆ ನಿಲ್ಲಿಸ್ತೀವಿ ಸಾರ್. ಎಣ್ಣೆಗೆ ನಿಲ್ಸಲ್ಲ.”

ಅವನ ಮಾತನ್ನು ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ. ಬಾಗೇಪಲ್ಲಿ ದಾಟಿ ಆದಿಲಾಬಾದ್ ಆಚೆ ಮಹಾರಾಷ್ಟ್ರ ಮುಟ್ಟುವವರೆಗೆ ಸುಮಾರು ಎಂಟುನೂರು ಕಿಲೋಮೀಟರ್. ಲೋಡಾದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಂಡರೆ ಇನ್ನೂರು ಲೀಟರ್ ಬೇಕು. ಮುನ್ನೂರು, ನಾನೂರು ಲೀಟರಿನ ಟ್ಯಾಂಕಿಗೆ ಇದು ದೊಡ್ಡದಲ್ಲ. 2025ರ ಏಪ್ರಿಲ್ ಒಂದರ ಬೆಲೆ ಹಿಡಿದರೆ ಬೆಂಗಳೂರಿನಲ್ಲಿ 91 ರೂಪಾಯಿ 2 ಪೈಸೆ, ಅನಂತಪುರದಲ್ಲಿ 97 ರೂಪಾಯಿ 35 ಪೈಸೆ. ಲೀಟರಿಗೆ ಆರು ರೂಪಾಯಿ ಚಿಲ್ಲರೆ, ಇನ್ನೂರು ಲೀಟರಿಗೆ ಸಾವಿರದ ಇನ್ನೂರ ಅರವತ್ತು ರೂಪಾಯಿಗೂ ಮಿಕ್ಕಿ ಉಳಿತಾಯ. ಒಂದು ಟ್ರಿಪ್ಪಿಗೆ ಡ್ರೈವರ್ ಬತ್ತಾದ ಒಂದು ಪಾಲು ಗಿಟ್ಟಿದ ಹಾಗೆ.

ಅದೇ ಇನ್ನೂರು ಲೀಟರನ್ನು ಸರ್ಕಾರಗಳ ಕಡೆಯಿಂದ ನೋಡಿ. ಕರ್ನಾಟಕಕ್ಕೆ ಲೀಟರಿಗೆ ಹದಿನಾರರ ಹತ್ತಿರ ಎಂದರೆ ಮೂರು ಸಾವಿರದ ಇನ್ನೂರು ರೂಪಾಯಿ ಸಿಕ್ಕಿತು. ಆಂಧ್ರ, ತೆಲಂಗಾಣಗಳ ತೆರಿಗೆ ಲೀಟರಿಗೆ ಇಪ್ಪತ್ತು, ಇಪ್ಪತ್ತೊಂದರ ಆಸುಪಾಸು. ಅವೆರಡೂ ಸೇರಿ ನಾಲ್ಕು ಸಾವಿರ ಕಳೆದುಕೊಂಡವು. ಆದರೆ ಆ ಎಂಟುನೂರು ಕಿಲೋಮೀಟರ್ ಲಾರಿ ಓಡಿದ್ದು ಯಾರ ನೆಲದಲ್ಲಿ? ಅವರದರಲ್ಲಿ. ಹೆದ್ದಾರಿ ಕೇಂದ್ರದ್ದು, ಅದಕ್ಕೆ ಟೋಲ್ ಇದೆ, ಒಪ್ಪೋಣ. ಅಪಘಾತವಾದರೆ ಓಡಿಬರುವ ಪೊಲೀಸು, ಆಸ್ಪತ್ರೆ, ಹೊಗೆ ಕುಡಿಯುವ ಊರುಗಳು ಆ ರಾಜ್ಯದವು. ಡೀಸೆಲ್ ತೆರಿಗೆಯನ್ನು ರಸ್ತೆಯ ಹೆಸರಿನಲ್ಲಿ ಕೇಳುವಾಗ ಈ ಮಾತು ಬರಲೇಬೇಕು. ಗಾಡಿ ಎಲ್ಲಿ ಓಡಿತು ಎಂಬುದನ್ನು ನಮ್ಮ ತೆರಿಗೆ ಕೇಳುವುದೇ ಇಲ್ಲ. ಟ್ಯಾಂಕಿನ ಮುಚ್ಚಳ ಎಲ್ಲಿ ತೆರೆಯಿತು ಎಂಬುದಷ್ಟೇ ಅದಕ್ಕೆ ಬೇಕು.

ಆ ಮುಚ್ಚಳ ಎಲ್ಲಿ ತೆರೆಯಬೇಕು ಎಂದು ತೀರ್ಮಾನಿಸುವವನು ಡ್ರೈವರ್ ಒಬ್ಬನೇ ಅಲ್ಲ. ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಪವರ್, ಭಾರತ್ ಪೆಟ್ರೋಲಿಯಂನ ಸ್ಮಾರ್ಟ್‌ಫ್ಲೀಟ್, ಹಿಂದೂಸ್ತಾನ್ ಪೆಟ್ರೋಲಿಯಂನ ಡ್ರೈವ್‌ಟ್ರ್ಯಾಕ್ ಪ್ಲಸ್ ಎಂಬ ಕಾರ್ಡುಗಳಿವೆ. ಮಾಲೀಕ ಬೆಂಗಳೂರಿನಲ್ಲೋ ನಾಮಕ್ಕಲ್‌ನಲ್ಲೋ ಕೂತು ಕಾರ್ಡಿಗೆ ದುಡ್ಡು ತುಂಬಿ, ಇಂಥ ಕಡೆ ಇಷ್ಟು ಹಾಕಿಸು ಎಂದು ಫೋನಿನಲ್ಲಿ ಹೇಳುತ್ತಾನೆ. ಮಧ್ಯಪ್ರದೇಶದಲ್ಲಿ ಬೇಕಾದಷ್ಟೇ, ಉತ್ತರಪ್ರದೇಶದ ಲಲಿತ್‌ಪುರಕ್ಕೆ ಬಂದ ಮೇಲೆ ಮತ್ತೆ ಫುಲ್ ಎಂಬಂಥ ಅಪ್ಪಣೆಗಳು. ವಾಪಸು ಬರುವಾಗ 48ರಲ್ಲಿ ಬಂದರೆ ಹರಿಯಾಣ ಮುಗಿಯುವ ಮುಂಚೆ ತುಂಬಿಸು, ರಾಜಸ್ಥಾನದಲ್ಲಿ ಕೈ ಹಿಡಿದು ನಡೆ. ರಾಜಸ್ಥಾನದ ಬಂಕಿನವರು ಇದೇ ಸಂಕಟಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಹೂಡಿದ್ದರು. 2024ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ವ್ಯಾಟನ್ನು ನೂರಕ್ಕೆ ಎರಡರಷ್ಟು ಇಳಿಸಿದ ಮೇಲೂ ಹರಿಯಾಣದ ಸಮಕ್ಕೆ ಬರಲಿಲ್ಲ.

ಒಂದೆರಡು ಲಾರಿ ಇಟ್ಟುಕೊಂಡ ಕೇಳುಗರು ಇದ್ದರೆ ಅವರಿಗೆ ಒಂದು ಕಿವಿಮಾತು. ಅಗ್ಗದ ಬಂಕು ದಾರಿಯ ಮೇಲೇ ಇದ್ದರೆ ಸರಿ. ಅದಕ್ಕೆಂದು ಹತ್ತು ಕಿಲೋಮೀಟರ್ ಪಕ್ಕಕ್ಕೆ ಹೋಗಿ ಬಂದರೆ ಐದು ಲೀಟರ್, ಅಂದರೆ ನಾನೂರೈವತ್ತು ರೂಪಾಯಿ ಸುಟ್ಟಿತು. ಲೀಟರಿಗೆ ಒಂದು ರೂಪಾಯಿ ಉಳಿಸಲು ಹೋಗಿ ಮುನ್ನೂರು ಲೀಟರ್ ತುಂಬಿಸಿದರೂ ನಷ್ಟವೇ. ತುಂಬಿದ ಟ್ಯಾಂಕಿಗೆ ಕಾವಲೂ ಬೇಕು. ರಾತ್ರಿ ಢಾಬಾದಲ್ಲಿ ಡ್ರೈವರ್ ನಿದ್ದೆ ಹೋದಾಗ ಪೈಪು ಹಾಕಿ ಡೀಸೆಲ್ ಎಳೆಯುವ ಕಳ್ಳರು ಹೆದ್ದಾರಿಯ ಉದ್ದಕ್ಕೂ ಇದ್ದಾರೆ. ಅವರು ತೆಗೆದುಕೊಂಡು ಹೋಗುವ ಮೊತ್ತದ ಮುಂದೆ ಆಂಧ್ರದ ತೆರಿಗೆ ಏನೂ ಅಲ್ಲ. ಮಂಜೂರಾತಿ ಇಲ್ಲದೆ ಎರಡನೇ ಟ್ಯಾಂಕ್ ಕೂರಿಸುವ ಆಸೆಗೂ ಬೀಳಬೇಡಿ. ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಅದು ಗಾಡಿಯ ರೂಪ ಬದಲಿಸಿದಂತೆ.

ಈಗ ಕರ್ನಾಟಕ ಸರ್ಕಾರದ ಪ್ರಸಂಗ. 2025ರ ಏಪ್ರಿಲ್ 1ರಂದು ಡೀಸೆಲ್ ತೆರಿಗೆ ಏರಿಸಿದಾಗ ಸರ್ಕಾರ ತನ್ನ ಸಮರ್ಥನೆಗೆ ಒಂದು ಪಟ್ಟಿ ಕೊಟ್ಟಿತು. ಅದರಲ್ಲಿ ಹೆಚ್ಚಿನವು ಗಡಿಯಾಚೆಗಿನ ಊರುಗಳು. ಹೊಸೂರಿನಲ್ಲಿ ಡೀಸೆಲ್ 94 ರೂಪಾಯಿ 42 ಪೈಸೆ, ಕಾಸರಗೋಡಿನಲ್ಲಿ 95 ರೂಪಾಯಿ 66 ಪೈಸೆ, ಅನಂತಪುರದಲ್ಲಿ 97 ರೂಪಾಯಿ 35 ಪೈಸೆ, ಮಹಾರಾಷ್ಟ್ರದ ಕಾಗಲ್‌ನಲ್ಲಿ 91 ರೂಪಾಯಿ 7 ಪೈಸೆ. ಏರಿಸಿದ ಮೇಲೂ ಬೆಂಗಳೂರಿನಲ್ಲಿ 91 ರೂಪಾಯಿ 2 ಪೈಸೆ. ನೋಡಿ, ಎಲ್ಲರಿಗಿಂತ ನಾವೇ ಅಗ್ಗ ಎನ್ನುವುದು ವಾದ. ನನಗೆ ಆ ಪಟ್ಟಿಯಲ್ಲಿ ಬೇರೆಯೇ ಒಂದು ಕಂಡಿತು. ಕಾಗಲ್‌ಗೂ ನಮಗೂ ಉಳಿದದ್ದು ಐದೇ ಪೈಸೆ. ನೆರೆಮನೆಯ ಗೋಡೆಯ ಎತ್ತರ ಅಳೆದು ನಮ್ಮ ಗೋಡೆ ಕಟ್ಟಿದಂತೆ, ಎಷ್ಟು ಏರಿಸಿದರೆ ಗಡಿಯ ಗಿರಾಕಿ ಕೈಬಿಡುವುದಿಲ್ಲವೋ ಅಷ್ಟಕ್ಕೆ ಏರಿಸಿದ್ದಾರೆ. ಆದರೆ ಕಾಗಲ್ ಕಡೆಯ ಗಿರಾಕಿಗೆ ಇತ್ತ ಬರುವ ಕಾರಣ ಅಷ್ಟರಲ್ಲೇ ಹೋಯಿತು. 2024ರ ಜೂನ್‌ಗೆ ಮೊದಲು ಬೆಂಗಳೂರಿನ ಬೆಲೆ 85 ರೂಪಾಯಿ 93 ಪೈಸೆ ಇದ್ದಾಗ ಮಹಾರಾಷ್ಟ್ರಕ್ಕಿಂತ ಐದು ರೂಪಾಯಿಯಷ್ಟು ಅಗ್ಗ. ಪುಣೆಯಿಂದ ಇಳಿದು ಬರುವ ಲಾರಿ ಖಾಲಿ ಟ್ಯಾಂಕಿನಲ್ಲೇ ಕಾಗಲ್ ದಾಟಿ ನಿಪ್ಪಾಣಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಸಕಾರಣವಿತ್ತು. ಎರಡು ಆದೇಶಗಳಲ್ಲಿ ಆ ಕಾರಣ ಅಳಿಸಿಹೋಯಿತು. ಮಹಾರಾಷ್ಟ್ರದ ಲಾರಿಯಿಂದ ಬರುತ್ತಿದ್ದ ತೆರಿಗೆ ಹೋಯಿತು, ನಮ್ಮ ರೈತನ ಟ್ರ್ಯಾಕ್ಟರಿನಿಂದ ಬರುವುದು ಹೆಚ್ಚಿತು. ಒಟ್ಟು ಮೊತ್ತ ಏರಿದರೂ ಕಟ್ಟುವವರು ಬದಲಾದರು ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಏಪ್ರಿಲ್ ಮಧ್ಯದಲ್ಲಿ ರಾಜ್ಯದ ಲಾರಿ ಮಾಲೀಕರ ಒಕ್ಕೂಟ ಮುಷ್ಕರಕ್ಕಿಳಿಯಿತು. ಡೀಸೆಲ್ ದರ, ರಾಜ್ಯ ಹೆದ್ದಾರಿಯ ಟೋಲ್ ಎರಡೂ ಅವರ ಬೇಡಿಕೆಯ ಪಟ್ಟಿಯಲ್ಲಿದ್ದವು. ಸಚಿವರ ಜೊತೆ ಮಾತುಕತೆಯಾಗಿ ಕೆಲವೇ ದಿನಗಳಲ್ಲಿ ಲಾರಿಗಳು ರಸ್ತೆಗಿಳಿದವು.

ಕರಾವಳಿಯ ಗಡಿ ಮಾತ್ರ ಇನ್ನೂ ಬಿಸಿಯಾಗಿಯೇ ಇದೆ. ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಶುದ್ಧವಾದ ಎಣ್ಣೆ, ಮಂಗಳೂರಿಗೆ ಕೂಗಳತೆಯ ಕಾಸರಗೋಡು. ತಲಪಾಡಿಯ ಗಡಿ ದಾಟಿದೊಡನೆ ಕೇರಳದ ತೆರಿಗೆ, ಅದರ ಮೇಲೆ 2023ರ ಏಪ್ರಿಲ್‌ನಿಂದ ಲೀಟರಿಗೆ ಎರಡು ರೂಪಾಯಿ ಸಾಮಾಜಿಕ ಭದ್ರತಾ ಸೆಸ್. ಕಾಸರಗೋಡಿನ ಕನ್ನಡಿಗರಿಗೆ ಮಂಗಳೂರಿಗೆ ಬಂದಾಗ ಟ್ಯಾಂಕ್ ತುಂಬಿಸಿಕೊಂಡು ಹೋಗುವುದು ಆಸ್ಪತ್ರೆ, ಕಾಲೇಜು, ಕೋರ್ಟಿನ ಕೆಲಸದ ಜೊತೆಗೆ ಸೇರಿಹೋದ ಇನ್ನೊಂದು ಕೆಲಸ. ಇನ್ನೂ ದಕ್ಷಿಣಕ್ಕೆ ಹೋದರೆ ಮಾಹೆ. ಫ್ರೆಂಚರು ಬಿಟ್ಟುಹೋದ ಆ ಅಂಗೈಯಗಲ ಊರು ಪುದುಚೇರಿಗೆ ಸೇರಿದ್ದು, ತೆರಿಗೆ ಕಡಿಮೆ. ಊರಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಬಂಕು, ಎಲ್ಲದರ ಮುಂದೆಯೂ ಲಾರಿ ಸಾಲು. ಕೇರಳದ ಹೆದ್ದಾರಿಯಲ್ಲಿ ಓಡುವ ಲಾರಿಯ ತೆರಿಗೆಯನ್ನು ನೂರಾರು ಕಿಲೋಮೀಟರ್ ದೂರದ ಪುದುಚೇರಿಯ ಖಜಾನೆ ಎಣಿಸಿಕೊಳ್ಳುತ್ತದೆ.

ಇಷ್ಟು ವಿಚಿತ್ರವಾದ ತೆರಿಗೆಯ ಏರ್ಪಾಡನ್ನು ಇಟ್ಟುಕೊಂಡಿರುವುದಾದರೂ ಏಕೆ? ಹಳೆಯ ಕಥೆ ಒಂದಿದೆ. 1938ರಲ್ಲಿ, ನಾಗಪುರ ರಾಜಧಾನಿಯಾಗಿದ್ದ ಮಧ್ಯಪ್ರಾಂತ ಮತ್ತು ಬೇರಾರ್ ಸರ್ಕಾರ ಮೋಟಾರು ಇಂಧನದ ಚಿಲ್ಲರೆ ಮಾರಾಟದ ಮೇಲೆ ನೂರಕ್ಕೆ 5 ತೆರಿಗೆ ಹಾಕಿತು. ಇದು ನಮಗೆ ಸೇರಿದ ಅಬಕಾರಿ ಸುಂಕ, ಪ್ರಾಂತಕ್ಕೆ ಅಧಿಕಾರ ಇಲ್ಲ ಎಂದು ಕೇಂದ್ರದ ತಕರಾರು. ಆಗಷ್ಟೇ ದೆಹಲಿಯಲ್ಲಿ ಶುರುವಾಗಿದ್ದ ಫೆಡರಲ್ ನ್ಯಾಯಾಲಯದ ಅಭಿಪ್ರಾಯ ಕೇಳಿದರು. ಆ ನ್ಯಾಯಾಲಯಕ್ಕೆ ಬಂದ ಮೊಟ್ಟಮೊದಲ ಅಭಿಪ್ರಾಯ ಕೋರಿಕೆಯೇ ಅದು. ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವಯರ್ ಮತ್ತು ಜೊತೆಯ ನ್ಯಾಯಮೂರ್ತಿಗಳು ಪ್ರಾಂತದ ಪರ ನಿಂತರು. ತಯಾರಿಕೆಯ ಮೇಲೆ ಕೇಂದ್ರ, ಮಾರಾಟದ ಮೇಲೆ ಪ್ರಾಂತ. ಇವತ್ತಿನ ಬಂಕಿನ ಬಿಲ್ಲಿನಲ್ಲಿ ಸುಂಕವೂ ವ್ಯಾಟೂ ಜೋಡಿಯಾಗಿ ಕೂತಿರುವುದು ಆ ಗೆರೆಯ ಮೇಲೆಯೇ. ಲಾರಿಯವರು ನಾಗಪುರ ದಾಟುವಾಗ ಬೈದುಕೊಳ್ಳಲು ಇದಕ್ಕಿಂತ ಒಳ್ಳೆಯ ಊರು ಸಿಗದು.

ಜಿಎಸ್‌ಟಿಗಾಗಿ ಸಂವಿಧಾನ ತಿದ್ದಿದಾಗಲೂ ಡೀಸೆಲ್ ಸಹಿತ ಐದು ಇಂಧನಗಳನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಜಿಎಸ್‌ಟಿ ಮಂಡಳಿ ದಿನ ಗೊತ್ತುಮಾಡಿದಾಗ ಒಳಗೆ ಬರಲಿ ಎಂದು ಬರೆದರು. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಸೇರಿದ 45ನೇ ಸಭೆಯಲ್ಲಿ ಮಾತು ಬಂತು, ಅದೂ ಕೇರಳ ಹೈಕೋರ್ಟ್ ಹೇಳಿತೆಂದು. ಈಗ ಕಾಲವಲ್ಲ ಎಂದು ಎದ್ದರು. ರಾಜ್ಯಗಳನ್ನು ಸುಮ್ಮನೆ ದೂರಬಾರದು. ನಾನು ಮೊದಲು ಹೇಳಿದ, 2025ರಲ್ಲಿ ಕೇಂದ್ರ ಪಡೆದ 17 ರೂಪಾಯಿ 80 ಪೈಸೆ ನೆನಪಿದೆಯಲ್ಲ? ಅದರಲ್ಲಿ ಮೂಲ ಸುಂಕ ಬರೀ 1 ರೂಪಾಯಿ 80 ಪೈಸೆ. ರಾಜ್ಯಗಳ ಜೊತೆ ಹಂಚಿಕೊಳ್ಳುವುದು ಅಷ್ಟನ್ನೇ, ಅದರಲ್ಲೂ ನೂರಕ್ಕೆ 41. ಉಳಿದ ಹದಿನಾರು ರೂಪಾಯಿ ವಿಶೇಷ ಸುಂಕ, ರಸ್ತೆ ಸೆಸ್, ಕೃಷಿ ಸೆಸ್ ಎಂಬ ಹೆಸರುಗಳಲ್ಲಿ ಕೇಂದ್ರದಲ್ಲೇ ಉಳಿಯುತ್ತಿತ್ತು. ಕೈಯಲ್ಲಿ ಉಳಿದ ಒಂದೆರಡು ತೆರಿಗೆಗಳಲ್ಲಿ ಒಂದನ್ನು ಬಿಟ್ಟುಕೊಡು ಎಂದರೆ ಯಾವ ಹಣಕಾಸು ಸಚಿವ ಒಪ್ಪುತ್ತಾನೆ? ಜಿಎಸ್‌ಟಿ ಬಂದರೆ ದೇಶಕ್ಕೆಲ್ಲ ಒಂದೇ ದರವಾಗಿ ಗಡಿಯ ಬಂಕಿನ ಆಟ ನಿಲ್ಲುವುದು ನಿಜ. ಆದರೆ ತುಂಬಿಸಿದ ರಾಜ್ಯಕ್ಕೆ ತೆರಿಗೆ, ಓಡಿದ ರಾಜ್ಯಕ್ಕೆ ಧೂಳು ಎನ್ನುವುದು ಆಗಲೂ ಹಾಗೆಯೇ ಇರುತ್ತದೆ.

ಅಮೆರಿಕದಲ್ಲಿ ಈ ಗಂಟನ್ನು ಬೇರೆ ರೀತಿ ಬಿಡಿಸಿದ್ದಾರೆ. ಅಲ್ಲೂ ರಾಜ್ಯಕ್ಕೊಂದು ಡೀಸೆಲ್ ತೆರಿಗೆ. 1983ರಲ್ಲಿ ಅರಿಝೋನಾ, ಅಯೋವಾ, ವಾಷಿಂಗ್ಟನ್ ರಾಜ್ಯಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು, ಇಂಟರ್‌ನ್ಯಾಷನಲ್ ಫ್ಯೂಯೆಲ್ ಟ್ಯಾಕ್ಸ್ ಅಗ್ರಿಮೆಂಟ್. ಲಾರಿಯವರ ಬಾಯಲ್ಲಿ ಇಫ್ಟಾ. 1996ರ ಹೊತ್ತಿಗೆ ಅಲಾಸ್ಕಾ, ಹವಾಯಿ ಬಿಟ್ಟು 48 ರಾಜ್ಯಗಳೂ ಬಂದವು, ಕೆನಡಾದ ಹತ್ತು ಪ್ರಾಂತಗಳೂ ಸೇರಿವೆ. ಮೂರು ತಿಂಗಳಿಗೊಮ್ಮೆ ಲಾರಿ ಮಾಲೀಕ ತನ್ನ ತವರು ರಾಜ್ಯಕ್ಕೆ ಒಂದೇ ಲೆಕ್ಕ ಒಪ್ಪಿಸಬೇಕು: ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿದೆ, ಎಲ್ಲಿ ಎಷ್ಟು ತುಂಬಿಸಿದೆ. ಓಡಿದ ಮೈಲಿಯನ್ನು ಸರಾಸರಿ ಮೈಲೇಜಿನಿಂದ ಭಾಗಿಸಿದರೆ ಆ ರಾಜ್ಯದಲ್ಲಿ ಸುಟ್ಟ ಡೀಸೆಲ್. ಅಲ್ಲಿ ಕೊಂಡದ್ದು ಅದಕ್ಕಿಂತ ಕಡಿಮೆಯಿದ್ದರೆ ಬಾಕಿ ತೆರಿಗೆ ಕಟ್ಟು, ಹೆಚ್ಚಿದ್ದರೆ ವಾಪಸು ತೆಗೆದುಕೋ. ರಾಜ್ಯಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ. ನಮ್ಮ ಹಿರಿಯೂರಿನ ಡ್ರೈವರ್ ಅಲ್ಲಿದ್ದಿದ್ದರೆ ಬಾಗೇಪಲ್ಲಿಯಲ್ಲಿ ತುಂಬಿಸಿ ಉಳಿಸಿದ್ದನ್ನು ಮೂರು ತಿಂಗಳ ಕೊನೆಗೆ ಆಂಧ್ರ, ತೆಲಂಗಾಣಕ್ಕೆ ಕಟ್ಟಬೇಕಾಗುತ್ತಿತ್ತು.

ನ್ಯಾಯ ಸರಿ, ಕಾಗದ ಪತ್ರ ಮಾತ್ರ ವಿಪರೀತ. ರಸೀದಿಗಳನ್ನು ನಾಲ್ಕು ವರ್ಷ ಇಟ್ಟುಕೊಂಡಿರಬೇಕು, ತನಿಖೆಗೆ ಕರೆದರೆ ತೋರಿಸಬೇಕು. ಪಂಜಾಬ್, ಹರಿಯಾಣದಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಲಾರಿ ಓಡಿಸುವವರು ಬಹಳ. ಸ್ಟೀರಿಂಗ್ ಹಿಡಿಯುವಷ್ಟೇ ಹೊತ್ತು ಲೆಕ್ಕಿಗನ ಮುಂದೆ ಕೂರುವುದೂ ಅವರ ಕಸುಬಿನ ಭಾಗ. ಒಂದೇ ಲಾರಿಯ ಮೇಲೆ ಸಾಲ ತೀರಿಸುತ್ತಿರುವ ಚಳ್ಳಕೆರೆಯ ಮಾಲೀಕನ ತಲೆಯ ಮೇಲೆ ಇದನ್ನು ಹೊರಿಸಲು ನಾನು ಸಿದ್ಧನಿಲ್ಲ.

ಹೊರಿಸಬೇಕಾಗಿಯೂ ಇಲ್ಲ. ಇಂಥದೇ ಒಂದು ಹಂಚಿಕೆಯನ್ನು ನಾವು ಆಗಲೇ ಮಾಡಿದ್ದೇವೆ. ಮೊದಲು ನ್ಯಾಷನಲ್ ಪರ್ಮಿಟ್ ಬೇಕೆಂದರೆ ಹೋಗುವ ಒಂದೊಂದು ರಾಜ್ಯಕ್ಕೂ ವರ್ಷಕ್ಕೆ 5,000 ರೂಪಾಯಿ ಡಿಡಿ ತೆಗೆಸಬೇಕಿತ್ತು. 2010ರ ಮೇ ತಿಂಗಳಿಂದ ಒಂದೇ ಶುಲ್ಕವಾಯಿತು, ವರ್ಷಕ್ಕೆ 15,000, ಆಮೇಲೆ 16,500. ತವರು ರಾಜ್ಯದಲ್ಲಿ ಕಟ್ಟಿದರೆ ದೇಶವೆಲ್ಲ ತಿರುಗಬಹುದು. ದುಡ್ಡು ಒಂದೇ ಖಾತೆಗೆ ಹೋಗಿ ಸೂತ್ರದಂತೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಲಾರಿಯವನಿಗೆ ಆ ಸೂತ್ರ ಗೊತ್ತಿರಬೇಕಾದ ಅಗತ್ಯವೇ ಬರಲಿಲ್ಲ. ಡೀಸೆಲ್ ತೆರಿಗೆಯಲ್ಲೂ, ದೂರ ಹೋಗುವ ಲಾರಿಗಳ ಪಾಲನ್ನಷ್ಟೇ ಹೀಗೆ ಸರ್ಕಾರಗಳು ತಮ್ಮೊಳಗೆ ಸರಿಪಡಿಸಿಕೊಳ್ಳಬಹುದು. ಯಾವ ಲಾರಿ ಯಾವ ರಾಜ್ಯದಲ್ಲಿ ಎಷ್ಟು ಓಡಿತು ಎಂಬುದರ ಒಳ್ಳೆಯ ಅಂದಾಜು 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್‌ನಲ್ಲಿದೆ, 2018ರಿಂದ ಬಂದ ಇ–ವೇ ಬಿಲ್ಲಿನಲ್ಲಿದೆ. ಡ್ರೈವರ್ ಒಂದು ಕಾಗದವನ್ನೂ ಬರೆಯಬೇಕಿಲ್ಲ.

ಹೀಗೆ ಮಾಡಿದರೆ ಕರ್ನಾಟಕಕ್ಕೆ ಲಾಭವೇ ಎಂದು ನೀವು ಕೇಳಬಹುದು. ಹೆದ್ದಾರಿ 44ರ ಮಟ್ಟಿಗಂತೂ ನಷ್ಟ. ಬಾಗೇಪಲ್ಲಿಯ ಇನ್ನೂರು ಲೀಟರಿನ ತೆರಿಗೆಯನ್ನು ಆಂಧ್ರಕ್ಕೂ ತೆಲಂಗಾಣಕ್ಕೂ ಬಿಡಬೇಕು. ತಲಪಾಡಿಯದನ್ನು ಕೇರಳಕ್ಕೆ ಬಿಡಬೇಕು. ನಿಪ್ಪಾಣಿಯಲ್ಲಿ ಈಗ ಬಿಡಲು ಹೆಚ್ಚೇನೂ ಉಳಿದಿಲ್ಲ. ಹೊಸೂರು ಕಡೆಯದನ್ನು ಅಳೆದೇ ನೋಡಬೇಕು. ಬೆಂಗಳೂರಿನ ಅಧಿಕಾರಿಗಳು ಗಡಿಯಾಚೆಯ ಬೆಲೆಗಳನ್ನು ಪೈಸೆ ಸಮೇತ ಬರೆದು ಪ್ರಕಟಿಸುವಷ್ಟು ಚುರುಕಾಗಿದ್ದಾರೆ. ಮುಂದಿನ ಬಾರಿ ಅದೇ ಪಟ್ಟಿಗೆ ಇನ್ನೊಂದು ಅಂಕಣ ಸೇರಿಸಲಿ. ಅತ್ತಿಬೆಲೆ, ತಲಪಾಡಿ, ಬಾಗೇಪಲ್ಲಿ, ನಿಪ್ಪಾಣಿಯ ಬಂಕುಗಳಲ್ಲಿ ಮಾರಿದ ಡೀಸೆಲ್ ಎಷ್ಟು, ಅದರಲ್ಲಿ ಬೇರೆ ರಾಜ್ಯದ ನಂಬರ್ ಪ್ಲೇಟಿನ ಗಾಡಿಗಳಿಗೆ ಹೋದದ್ದೆಷ್ಟು ಎಂದು. ಏರಿಸುವ ಮೊದಲ ತಿಂಗಳದೊಂದು, ಏರಿಸಿದ ಮೇಲಿನದೊಂದು.